ಚಾಚಾ ಹಿಡಿದ ಚಂದ್ರ

ನಮ್ಮ ಮಾಳಿಗೆಯಿಂದ ಇಳಿದು ಬರುವಾಗ ಚಾಚಾ ಅವರ ಬಲಗಣ್ಣಿನ ಸುತ್ತ ಕೆಂಪಗೆ ಒಂದು ಗುರುತು ಮೂಡಿರುತ್ತಿತ್ತು. ಕ್ಯಾಮೆರಾದ ಕಿಂಡಿಗೆ ಕಣ್ಣನ್ನು ಅಷ್ಟು ಒತ್ತಿ ಹಿಡಿಯುತ್ತಿದ್ದರು. ಉಗುರಿನ ಸಂದಿಯಲ್ಲಿ ಜೀಪಿನ ಗ್ರೀಸು, ಅಂಗಿಯ ಮೇಲೆ ನಮ್ಮ ಗಿರಣಿಯ ಹಿಟ್ಟು, ಮುಖದ ಮೇಲೆ ಈ ಗುರುತು. "ಏನ್ರಿ ಚಾಚಾ, ಚಂದ್ರ ಗುದ್ದಿದ್ನೇನು?" ಎಂದು ನಾನು ಕೇಳಿದರೆ, "ಗುದ್ದಲಿ ಬಿಡ ಬೇಟಿ, ಅಷ್ಟ ಹತ್ರ ಬಂದಾನಲ್ಲ" ಎನ್ನುತ್ತಿದ್ದರು.

ದಾಂಡೇಲಿಯಲ್ಲಿ ನಮ್ಮದು ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ, ಮೇಲೆ ಬಯಲು ಮಾಳಿಗೆ. ಹಳಿಯಾಳದಿಂದ ಸೊಸೆಯಾಗಿ ಬಂದ ನಾನು ಗಂಡನನ್ನಲ್ಲ, ಗಿರಣಿಯನ್ನೇ ಕಟ್ಟಿಕೊಂಡೆ ಎಂದು ಅತ್ತೆ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ಚಾಚಾ ಪಕ್ಕದ ಮನೆಯವರು, ಜೀಪ್ ಮೆಕ್ಯಾನಿಕ್. ಕುಳಗಿಯ ಕಡೆ ಕಾಡಿಗೆ ಹೋಗುವ ಜೀಪುಗಳಲ್ಲಿ ಅವರ ಕೈ ತಾಗದೇ ಇದ್ದವು ಕಡಿಮೆ. ಅವರದು ತಗ್ಗಾದ ಹಂಚಿನ ಮನೆ. ಆಕಾಶ ನೋಡಬೇಕಾದರೆ ನಮ್ಮ ಮೆಟ್ಟಿಲು ಹತ್ತಲೇಬೇಕು. ರಂಜಾನ್ ತಿಂಗಳು ಮುಗಿಯುವ ಸಂಜೆ ಓಣಿಯವರೆಲ್ಲ ನಮ್ಮ ಮಾಳಿಗೆಯತ್ತ ಕತ್ತೆತ್ತಿ ನಿಲ್ಲುತ್ತಿದ್ದರು. ಎಳೆಚಂದ್ರ ಎಲ್ಲರಿಗಿಂತ ಮೊದಲು ಕಾಣುತ್ತಿದ್ದುದು ಚಾಚಾ ಅವರ ಕಣ್ಣಿಗೆ. ಅವರು ಕಂಡೆ ಎಂದರೆ ಮಸೀದಿಯ ಹಿರಿಯರು ಆ ಮಾತನ್ನು ನಂಬಿ ಮುಂದಿನವರಿಗೆ ತಿಳಿಸುತ್ತಿದ್ದರು.

ಕ್ಯಾಮೆರಾ ಬಂದದ್ದು ಆಮೇಲೆ. ಜೊಯಿಡಾ ಕಡೆಯ ಒಬ್ಬ ಜೀಪ್ ಮಾಲೀಕರು ಹಕ್ಕಿಗಳ ಫೋಟೊ ತೆಗೆಯುವ ಹುಚ್ಚು ಬಿಟ್ಟಮೇಲೆ, ಮೂತಿ ಉದ್ದಕ್ಕೆ ಚಾಚಿಕೊಳ್ಳುವ ತಮ್ಮ ಹಳೆಯ ಕ್ಯಾಮೆರಾವನ್ನು ಚಾಚಾಗೆ ಕೊಟ್ಟುಬಿಟ್ಟರು. ಚಾಚಾ ಹಕ್ಕಿಗಳ ಗೊಡವೆಗೆ ಹೋಗದೆ ಚಂದ್ರನ ಬೆನ್ನುಹತ್ತಿದರು. ಮೊದಮೊದಲು ಅವರು ತೆಗೆದ ಹುಣ್ಣಿಮೆ ಚಂದ್ರ ಬೆಳ್ಳಗೆ ಇಡ್ಲಿಯ ಹಾಗಿರುತ್ತಿತ್ತು. ಸುತ್ತಲಿನ ಕತ್ತಲೆ ನೋಡಿ ಕ್ಯಾಮೆರಾ ತಾನಾಗಿ ಹೆಚ್ಚು ಬೆಳಕು ಎಳೆದುಕೊಳ್ಳುತ್ತದೆ, ಚಂದ್ರನ ಗುರುತೆಲ್ಲ ಅಳಿಸಿಹೋಗುತ್ತದೆ ಎಂದು ತಿಳಿಯಲು ಕೆಲವು ಹುಣ್ಣಿಮೆಗಳೇ ಬೇಕಾದವು. ಕೊನೆಗೆ ತಮ್ಮ ಕಸುಬಿನ ಮಾತಿನಲ್ಲಿ ಅದನ್ನು ಬಿಡಿಸಿಕೊಂಡರು. "ಇದರ ರೇಸ್ ಭಾಳ ಆಗೈತಿ ಬೇಟಿ. ಇಳಿಸಬೇಕು." ಇಳಿಸಿದರು. ಚಂದ್ರನ ಮೈಮೇಲಿನ ಕುಳಿಗಳು ಒಂದೊಂದಾಗಿ ಕಾಣಿಸಿದವು. ಮರುದಿನ ಗಿರಣಿಗೆ ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಜೋಳ ಬೀಸಿಸಲು ಬಂದಿದ್ದ ಅಜ್ಜಿಯೊಬ್ಬಳು, "ಅಯ್ಯ ಪಾಪ, ಇವಂಗ ಸಿಡುಬು ಎದ್ದಿತ್ತೇನ?" ಎಂದು ಕನಿಕರಪಟ್ಟಳು.

ಕ್ಯಾಮೆರಾ ನಿಲ್ಲಿಸಲು ಸ್ಟ್ಯಾಂಡ್ ಇರಲಿಲ್ಲ. ನಮ್ಮ ಗಿರಣಿಯ ತೌಡನ್ನು ಸಣ್ಣ ಚೀಲದಲ್ಲಿ ತುಂಬಿ, ಮಾಳಿಗೆಯ ಗೋಡೆಯ ಮೇಲಿಟ್ಟು, ನಡುವೆ ಮುಷ್ಟಿಯಿಂದ ತಗ್ಗು ಮಾಡಿ ಅದರಲ್ಲಿ ಕೂರಿಸುತ್ತಿದ್ದರು. ಆದರೆ ಕೆಳಗೆ ಗಿರಣಿ ತಿರುಗುತ್ತಿದ್ದರೆ ಮಾಳಿಗೆಯೆಲ್ಲ ಸಣ್ಣಗೆ ನಡುಗುತ್ತದೆ. ನಮಗೆ ಅದು ರೂಢಿಯಾಗಿ ಗೊತ್ತೇ ಆಗುವುದಿಲ್ಲ. ಅಷ್ಟು ದೂರದ್ದನ್ನು ಹತ್ತಿರ ಎಳೆಯುವ ಕ್ಯಾಮೆರಾಗೆ ಗೊತ್ತಾಗುತ್ತದೆ. ಮೇಲಿನಿಂದ ಚಾಚಾ ಕೂಗುತ್ತಿದ್ದರು: "ಬೇಟಿ, ಒಂದೀಟ ಗಿರಣಿ ಬಂದ್ ಮಾಡ! ಚಂದ್ರ ನಡಗಾಕತ್ತಾನ!"

ನಾನು ಬೈದುಕೊಂಡೇ ಬಂದ್ ಮಾಡುತ್ತಿದ್ದೆ. ಡಬ್ಬಿ ಹಿಡಿದು ನಿಂತ ಹೆಂಗಸರು, "ನಮ್ಮ ಪಾಳಿಕ್ಕಿಂತ ಮೊದಲ ಚಂದ್ರಂದು ಪಾಳಿ ಬಂತೇನ್ರಿ?" ಎಂದು ಕಾಡುತ್ತಿದ್ದರು. ಸುಳ್ಳೇಕೆ ಹೇಳಲಿ, ಆ ನಿಶ್ಶಬ್ದ ನನಗೂ ಬೇಕಾಗಿರುತ್ತಿತ್ತು. ದಿನವಿಡೀ ಗಿರಣಿಯ ಸದ್ದು ಕೇಳಿದ ಕಿವಿಗೆ ಅದೊಂದೇ ಬಿಡುವು.

ಅತ್ತೆಗೂ ಚಂದ್ರನಿಗೂ ಬೇರೆಯೇ ವ್ಯವಹಾರವಿತ್ತು. ಅವರು ಸಂಕಷ್ಟಿ ಉಪವಾಸ ಹಿಡಿಯುವವರು, ಚಂದ್ರ ಕಾಣದೆ ಊಟವಿಲ್ಲ. ಆಷಾಢದ ಮೋಡದಲ್ಲಿ ಚಂದ್ರನೆಲ್ಲಿ? ಒಂದು ಸಂಕಷ್ಟಿಯ ದಿನ ಚಾಚಾ ಕ್ಯಾಮೆರಾ ಹಿಡಿದು ಬಂದು, "ಅಕ್ಕಾರ, ಇದರಾಗ ನೋಡಿ ಊಟಾ ಮಾಡಿಬಿಡ್ರಿ" ಎಂದರು. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇದು ಹೋದ ತಿಂಗಳದ ಚಂದ್ರ ಅಲ್ಲೇನೋ ತಮ್ಮಾ? ಅದರ ಊಟಾ ಆಗಲೇ ಮಾಡೇನಿ" ಎಂದರು. ಚಾಚಾ ಆ ಮಾತನ್ನು ಊರೆಲ್ಲ ಹೇಳಿಕೊಂಡು ತಿರುಗಿದರು. "ನಮ್ಮ ಮಸೀದಿ ಹಿರಿಯಾರೂ ಹಂಗ ನೋಡ್ರಿ ಅಕ್ಕಾರ, ಫೋಟೊ ನಡ್ಯಾಂಗಿಲ್ಲ, ಕಣ್ಣಾ ಬೇಕು" ಎಂದು ಅವತ್ತೇ ನಕ್ಕಿದ್ದರು.

ಈ ನಡುವೆ ಚಾಚಾ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳತೊಡಗಿದರು. ಮೆಟ್ಟಿಲಿನ ಅಂಚು ತಪ್ಪುತ್ತಿದ್ದರು. ಪಕ್ಕದಲ್ಲಿಟ್ಟ ಚಹಾದ ಕಪ್ಪನ್ನು ಕೈ ತಾಗಿಸಿ ಚೆಲ್ಲುತ್ತಿದ್ದರು. ಲಕ್ಷ್ಯವೆಲ್ಲ ಚಂದ್ರನ ಮೇಲಿದೆ ಎಂದು ಅವರ ಹೆಂಡತಿ, ನಮ್ಮ ಚಾಚಿ, ಗೊಣಗುತ್ತಿದ್ದರು, ನಾವೆಲ್ಲ ಹಾಗೇ ತಿಳಿದೆವು. ಚಾಚಾ ಕೂಡ ಹಾಗೇ ತಿಳಿಯಲು ಬಿಟ್ಟರು.

ಆ ವರ್ಷ ರಂಜಾನ್ ಮುಗಿಯುವ ಸಂಜೆ ಅಡ್ಡಮಳೆಯ ಮೋಡ ಪಡುವಣವನ್ನೆಲ್ಲ ಮುಚ್ಚಿತ್ತು. ಚಾಚಾ ಒಬ್ಬರೇ ಮೇಲಿದ್ದರು. ಅವರ ಕೂಗಿಗೆ ಗಿರಣಿ ನಿಲ್ಲಿಸಿ ನಾನು ಕೆಳಗೇ ನಿಂತಿದ್ದೆ. ಮೋಡ ಒಂದು ಗಳಿಗೆ ಬಿರಿದು ಮತ್ತೆ ಕೂಡಿಕೊಂಡಿತು. ಸ್ವಲ್ಪ ಹೊತ್ತಿಗೆ ಚಾಚಾ "ಬಂತು, ಚಾಂದ ಬಂತು!" ಎನ್ನುತ್ತ ಗೋಡೆ ಹಿಡಿದು ಇಳಿದು ಬಂದರು. ಕ್ಯಾಮೆರಾದ ಪರದೆಯ ಮೇಲೆ ಬೂದು ಆಕಾಶ, ಅದರ ನಡುವೆ ನರೆಗೂದಲಿನ ಎಳೆಯಷ್ಟು ತೆಳ್ಳಗೆ ಚಂದ್ರ. ಓಣಿಯಲ್ಲಿ ಬೇರೆ ಯಾರಿಗೂ ಕಂಡಿರಲಿಲ್ಲ. ಮಸೀದಿಯ ಹಿರಿಯರು ಸುದ್ದಿ ಕೇಳಿ ನಮ್ಮ ಗಿರಣಿಯ ಮುಂದೆಯೇ ಬಂದರು. ಫೋಟೊ ನೋಡಿದರು, ಚಾಚಾ ಅವರ ಬೆನ್ನು ತಟ್ಟಿದರು.

"ಚಲೋ ಬಂದೈತಿ ಭಾಯ್. ನೀವು ಕಣ್ಣಿಲೆ ನೋಡೀರಲ್ಲ?"

ಕೇಳಲೇಬೇಕಲ್ಲ ಎಂದು ಕೇಳಿದ ಪ್ರಶ್ನೆ ಅದು. ಇಷ್ಟು ವರ್ಷ ಸಾಕ್ಷಿ ಹೇಳಿದ ಮನುಷ್ಯ ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಚಾಚಾ ಕ್ಯಾಮೆರಾದ ಪಟ್ಟಿಯನ್ನು ಕೈಗೆ ಸುತ್ತಿಕೊಂಡರು, ಬಿಚ್ಚಿದರು.

"ಇಲ್ಲ" ಎಂದರು. "ಕ್ಯಾಮೆರಾ ನೋಡೇತಿ. ನನಗ ಕಂಡಿಲ್ಲ."

"ಮೋಡ ಇತ್ತಲ್ಲ, ಅದಕ್ಕ..."

"ಮೋಡ ಅಲ್ರಿ. ಹೋದ ವರ್ಷನೂ ಕಂಡಿಲ್ಲ. ಎಲ್ಲಾರೂ ನೋಡಿದ್ರು, ನಾ ಸುಮ್ಮನ ನಿಂತಿದ್ದೆ." ಬೆರಳುಗಳನ್ನು ಕೂಡಿಸಿ ಒಂದು ಸಣ್ಣ ಬಳೆಯಷ್ಟು ಮಾಡಿ ತೋರಿಸಿದರು. "ನಡುವಿಂದ ಇಷ್ಟ ಕಾಣ್ತೈತಿ. ಸುತ್ತಲಿಂದ ಎಲ್ಲಾ ಹೋಗೇತಿ. ಪರದೆ ಮ್ಯಾಲೆ ದೊಡ್ಡದು ಮಾಡಿದ್ರಷ್ಟ ಚಾಂದ ತಿಳೀತೈತಿ."

ಚಾಚಿ ಶ್ಯಾವಿಗೆ ಹುರಿಯುತ್ತಿದ್ದ ಸೌಟು ಹಿಡಿದೇ ಹೊರಗೆ ಬಂದು ನಿಂತಿದ್ದರು. ಗಂಡನ ಕಣ್ಣು ಹೋಗುತ್ತಿದೆ ಎಂದು ಅವರಿಗೂ ಗೊತ್ತಾದದ್ದು ಆಗಲೇ, ನಮ್ಮೆಲ್ಲರ ಜೊತೆಗೆ. ಗಿರಣಿಯಾದರೂ ತಿರುಗುತ್ತಿದ್ದರೆ ಚೆನ್ನಾಗಿತ್ತು ಎನಿಸಿತು ನನಗೆ. ಹಿರಿಯರು ಚಾಚಾ ಅವರ ಎರಡೂ ಕೈ ಹಿಡಿದುಕೊಂಡು ನಿಂತರು. ಅತ್ತೆ, "ಒಳಗ ಬಾ ತಮ್ಮಾ, ಕುಂಡ್ರ ಬಾ" ಎಂದು ಕರೆದುಕೊಂಡು ಹೋದರು. ಆಮೇಲೆ ಬೇರೆ ಊರಲ್ಲಿ ಚಂದ್ರ ಕಂಡಿತೆಂದು ಫೋನ್ ಬಂತು, ಮರುದಿನ ಹಬ್ಬವೂ ಆಯಿತು. ಚಾಚಿ ಶ್ಯಾವಿಗೆಯ ಸುರಕುಂಬಾ ತಂದು ಕೊಟ್ಟರು, ಮುಖವೆತ್ತಿ ನೋಡಲಿಲ್ಲ.

ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಗ್ಲಾಕೋಮಾ, ನರ ಒಣಗಿದೆ, ಹೋದದ್ದು ಮರಳಿ ಬರುವುದಿಲ್ಲ ಎಂದರು ಡಾಕ್ಟರು. ಉಳಿದದ್ದನ್ನು ಉಳಿಸಿಕೊಳ್ಳಲು ಹನಿ ಬರೆದುಕೊಟ್ಟರು. ಬಸ್ಸಿನಲ್ಲಿ ಚಾಚಾ, "ಜೀಪಿನ ವೈರ್ ಸುಟ್ರ ಬ್ಯಾರೆ ಎಳೀತಿದ್ದೆ ನೋಡ. ಇದನ್ನ ಎಳ್ಯಾಕ ಬರಂಗಿಲ್ಲಂತ" ಎಂದರು. ನಾನು ಗಿರಣಿಯ ಬೆಲ್ಟ್ ಹರಿದರೆ, ಮೋಟರ್ ಸುಟ್ಟರೆ ಗದ್ದಲ ಹಾಕಿ ಅರ್ಧ ಊರನ್ನು ಕೂಡಿಸುವವಳು. ಇಲ್ಲಿ ಯಾರ ಮೇಲೆ ಕೂಗಾಡಲಿ? ಅತ್ತೆ ಉಳವಿಗೆ ಹರಕೆ ಹೊತ್ತರು. ಚಾಚಿ ಹೊತ್ತು ತಪ್ಪಿಸದೆ ಹನಿ ಹಾಕಿದರು. ಆದರೂ ಆ ಬಳೆಯಷ್ಟು ಬೆಳಕು ದಿನದಿನಕ್ಕೆ ಸಣ್ಣದಾಗುತ್ತ ಹೋಯಿತು, ನಾವೆಲ್ಲ ಎದುರಿಗೇ ನಿಂತು ನೋಡಿದೆವು.

ಮಳೆಗಾಲ ಕಳೆದು ಆಕಾಶ ತೊಳೆದಂತಾಗಿದ್ದ ಒಂದು ಸಂಜೆ ಚಾಚಾ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು, ಗೋಡೆ ಸವರುತ್ತ ಗಿರಣಿಗೆ ಬಂದರು. "ಇವತ್ತ ಎಳೇ ಚಂದ್ರ ಇರಬೇಕಲ್ಲ. ಹತ್ತೂಣು ನಡಿ." ಕೈಹಿಡಿದು ಹತ್ತಿಸಿದೆ. ತೌಡಿನ ಚೀಲ ಇಟ್ಟೆ, ಭುಜ ಹಿಡಿದು ಪಡುವಣಕ್ಕೆ ತಿರುಗಿಸಿದೆ. ಚಂದ್ರ ಎದುರಿಗೇ ಇದ್ದ.

"ನಾ ತೆಗೀಲೇನ್ರಿ?"

"ಬ್ಯಾಡ. ನೀ ಹೋಗಿ ಗಿರಣಿ ಬಂದ್ ಮಾಡ."

ನಿಲ್ಲಿಸಿ ಮೇಲೆ ಬರುವಷ್ಟರಲ್ಲಿ ಅವರು ಗುಂಡಿ ಒತ್ತಿ ಆಗಿತ್ತು. ಕಿಂಡಿಗೆ ಒತ್ತಿದ ಗುರುತು ಕಣ್ಣಿನ ಸುತ್ತ ಹಾಗೇ ಇತ್ತು. ಕ್ಯಾಮೆರಾವನ್ನು ನನ್ನತ್ತ ನೀಡಿ, "ಬಂತೇನ ಬೇಟಿ?" ಎಂದರು. ಒತ್ತುವಾಗ ಅದರ ಮೂತಿ ಎತ್ತಲೋ ತಿರುಗಿತ್ತು. ಪರದೆಯ ತುಂಬ ಬರೀ ಕಪ್ಪು. ಬಂದಿದೆ ಎಂದುಬಿಡೋಣ, ಬಹಳ ಚೆನ್ನಾಗಿ ಬಂದಿದೆ ಎನ್ನೋಣ ಎಂದು ನಾಲಿಗೆಯ ತುದಿಗೆ ಬಂತು. ಅಷ್ಟು ಜನರ ಎದುರು ಒಂದು ಹೂಂ ಎನ್ನದ ಮನುಷ್ಯನಿಗೆ ಅದನ್ನು ಹೇಗೆ ಹೇಳಲಿ?

"ಇಲ್ರಿ ಚಾಚಾ. ಬರೇ ಕಪ್ಪ ಐತಿ."

ಅವರು ನಕ್ಕರು. "ಹಂಗಾರ ಬರೋಬರಿ ಬಂದೈತಿ ಬಿಡ. ನನಗ ಕಾಣೂದೂ ಅದ."

ಇನ್ನೊಮ್ಮೆ ಗುರಿ ಹಿಡಿಸಿಕೊಡೋಣವೆಂದು ನೋಡಿದರೆ ಚಂದ್ರ ಮರಗಳ ಹಿಂದೆ ಇಳಿದುಬಿಟ್ಟಿದ್ದ. ನಾನು ಅಲ್ಲೇ ಅತ್ತುಬಿಟ್ಟೆ. ಕೆಳಗೆ ಯಾರೋ ಹಿಟ್ಟಿಗೆ ಅವಸರ ಮಾಡುತ್ತಿದ್ದರು. "ಹೋಗ, ಚಾಲೂ ಮಾಡ" ಎಂದು ಚಾಚಾ ನನ್ನ ತಲೆ ಸವರಿದರು.

ಆ ಚಳಿಗಾಲದಲ್ಲೇ ಒಂದು ಮಧ್ಯಾಹ್ನ, ಬಾಗಿಲಲ್ಲಿ ಬಿಸಿಲು ಕಾಯಿಸುತ್ತ ಕುಳಿತಿದ್ದ ಚಾಚಾ ಕುಳಿತಲ್ಲೇ ಹೋದರು. ಎದೆ ನೋವು ಎಂದು ಹೇಳುವುದಕ್ಕೂ ಪುರುಸೊತ್ತಾಗಲಿಲ್ಲವಂತೆ. ಕೆಲವು ದಿನಗಳ ಮೇಲೆ ಚಾಚಿ ಕ್ಯಾಮೆರಾವನ್ನು ಟವೆಲಿನಲ್ಲಿ ಸುತ್ತಿ ತಂದು ನನ್ನ ಕೈಗಿಟ್ಟರು. "ನೀನ ಇಟ್ಕೋ ಬೇಟಿ. ನಮ್ಮನ್ಯಾಗಿಂದ ಆಕಾಶ ಎಲ್ಲಿ ಕಾಣ್ತೈತಿ?"

ಈ ಸಲ ರಂಜಾನ್ ಮುಗಿಯುವ ಸಂಜೆ, ಯಾರೂ ಕೂಗದೆಯೇ ಗಿರಣಿ ಬಂದ್ ಮಾಡಿದೆ. ಡಬ್ಬಿ ಹಿಡಿದು ನಿಂತವರು ಪಾಳಿಯ ಮಾತೆತ್ತಲಿಲ್ಲ. ತೌಡಿನ ಚೀಲ ಹೊತ್ತು ಮೇಲೆ ಹೋದೆ. ಆಕಾಶ ನಿರ್ಮಲವಾಗಿತ್ತು, ಚಂದ್ರ ಎಲ್ಲರ ಕಣ್ಣಿಗೂ ಕಾಣುವಂತಿದ್ದ. ಕೆಳಗಿನಿಂದ ಚಾಚಿ, "ಕಾಣ್ತೇನ ಬೇಟಿ?" ಎಂದು ಕೇಳಿದರು. "ಕಾಣ್ತ್ರಿ ಚಾಚಿ" ಎಂದೆ. ಚಾಚಾ ಮಾಡುತ್ತಿದ್ದಂತೆಯೇ ಚೀಲದ ನಡುವೆ ಮುಷ್ಟಿಯಿಂದ ತಗ್ಗು ಮಾಡಿದೆ, ರೇಸ್ ಇಳಿಸಿದೆ, ಕಿಂಡಿಗೆ ಕಣ್ಣು ಒತ್ತಿ ಹಿಡಿದೆ. ಎಷ್ಟು ಸಲ ತೆಗೆದರೂ ಅಷ್ಟೇ. ಗಿರಣಿ ನಿಂತಿದ್ದರೂ ಚಂದ್ರ ನಡುಗಿಯೇ ಬಂದ.