ಕಿಟಕಿ ಪಕ್ಕದ ಕುರ್ಚಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಒಂದೇ ಕೋಣೆಯ ಮನೆ. ಇಸ್ತ್ರಿ ಮೇಜಿನ ಮೇಲಿನ ಊರವರ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ಖಾಲಿ ತಟ್ಟೆಯೊಂದನ್ನು ಇಟ್ಟುಕೊಂಡು, ಅವರು ಹೆಂಡತಿಗೆ ಊಟ ಮಾಡುವುದನ್ನು ಕಲಿಸುತ್ತಿದ್ದಾರೆ.

"ಬಾಯಿಗೆ ಕೈ ಅಡ್ಡ ಇಡಬೇಡ ಕಣೇ. ತುತ್ತು ರಸ್ತೆಗೆ ಕಾಣಬೇಕು."

"ಹುಟ್ಟಿದಾಗಿಂದ ಉಣ್ತಾ ಇದೀನಿ. ಈಗ ನಿಮ್ಮಿಂದ ಕಲೀಬೇಕಾ?"

"ಎಲ್ಲಿ ಉಣ್ತೀಯ? ಬಸ್ಸು ಹೊರಟುಬಿಡುತ್ತೆ ಅನ್ನೋರ ಥರ ನಿಂತ್ಕೊಂಡೇ ನುಂಗ್ತೀಯ. ಕೂತ್ಕೋ. ನಿಧಾನ."

ಆಕೆ ನಕ್ಕು, ಖಾಲಿ ತಟ್ಟೆಯಿಂದ ಖಾಲಿ ತುತ್ತನ್ನು ಎತ್ತುತ್ತಾರೆ. ಒಲೆ ಹಚ್ಚಿಲ್ಲ. ಇವತ್ತು ಆಕೆ ಬೆಳಗಿನ ಕಾಫಿಯನ್ನೂ ಕುಡಿಯುವಂತಿಲ್ಲ. ಮುಖದಲ್ಲಿ ಹಸಿವು ಇಲ್ಲದಿದ್ದರೆ ಈ ಕೆಲಸ ಆಗದು.

ಕೆಲಸ ಇಷ್ಟೇ. ದಕ್ಷಿಣ ಭಾರತದ ಸಸ್ಯಾಹಾರಿ ಹೋಟೆಲೊಂದರಲ್ಲಿ ಮಧ್ಯಾಹ್ನದ ಬಫೆ ಶುರುವಾಗುವ ಹೊತ್ತಿಗೆ ಗಾಜಿನ ಕಿಟಕಿಯ ಪಕ್ಕ ಕೂತು, ದಾರಿಯಲ್ಲಿ ಹೋಗುವವರಿಗೆ ಕಾಣುವಂತೆ ಉಣ್ಣುವುದು. ಖಾಲಿ ಹೋಟೆಲಿಗೆ ಯಾರೂ ಕಾಲಿಡುವುದಿಲ್ಲ. ಒಬ್ಬರು ಉಣ್ಣುತ್ತಿದ್ದರೆ ಇನ್ನೊಬ್ಬರು ಬರುತ್ತಾರೆ. ಹನ್ನೊಂದು ವರ್ಷದಿಂದ ಆ ಮೊದಲಿನ ಒಬ್ಬರು ಆಕೆಯ ಗಂಡನೇ. ಅಡುಗೆಮನೆಯವರ ಬಾಯಲ್ಲಿ ಇವರು 'ಕಿಟಕಿ ಮಾವ'.

ಮೊದಲು ಅದೇ ಅಡುಗೆಮನೆಯಲ್ಲಿ ಪಾತ್ರೆ ಎತ್ತುತ್ತಿದ್ದವರು. ಕುದಿಯುವ ಅನ್ನದ ಹಂಡೆ ಜಾರಿ ಬಲಗಾಲು ಬೆಂದಿತು. ಹೆಚ್ಚು ಹೊತ್ತು ನಿಲ್ಲುವುದು ಅಲ್ಲಿಗೆ ಮುಗಿಯಿತು. ಕೆಲಸ ಬಿಡುತ್ತೇನೆಂದು ಹೇಳಲು ಬಂದ ದಿನ ಹೋಟೆಲಿನ ಯಜಮಾನಿ, "ಉಂಡು ಹೋಗು" ಎಂದು ಕಿಟಕಿ ಪಕ್ಕ ಕೂರಿಸಿದರು. ಆಸ್ಪತ್ರೆಯಿಂದ ಬಂದ ಹಸಿವು. ಉಂಡರು, ಮತ್ತೆ ಬಡಿಸಿಕೊಂಡು ಉಂಡರು. ತಲೆ ಎತ್ತಿದಾಗ ಸುತ್ತಲಿನ ಮೇಜುಗಳೆಲ್ಲ ತುಂಬಿದ್ದವು. "ನಾಳೆಯೂ ಬಾ" ಎಂದರು ಯಜಮಾನಿ.

"ಮೋಸ ಅಂತೀರಾ?" ಗಲ್ಲಾದಲ್ಲಿ ಕೂತ ಯಜಮಾನಿ, ಇವರ ಬಗ್ಗೆ ಬರೆಯಲು ಬಂದ ನನ್ನನ್ನೇ ಕೇಳುತ್ತಾರೆ. "ಬಟ್ಟೆ ಅಂಗಡಿಯವರು ಬೊಂಬೆ ನಿಲ್ಲಿಸಲ್ವಾ? ನಾನು ನಿಜವಾಗ್ಲೂ ಉಣ್ಣೋ ಮನುಷ್ಯನ್ನ ಕೂರಿಸಿದೀನಿ. ಧಾರಾಳವಾಗಿ ಬರ್ಕೊಳ್ಳಿ."

ಈ ವರ್ಷ ಕಿಟಕಿ ಮಾವನ ಅನ್ನನಾಳದಲ್ಲಿ ಗಡ್ಡೆ ಬೆಳೆದಿದೆ. ಎರಡು ತಿಂಗಳು ಯಾರಿಗೂ ಹೇಳದೆ ಕೂತು ಉಂಡಿದ್ದಾರೆ. ತುತ್ತಿಗೊಂದು ಗುಟುಕು ನೀರು. ನೋವು ಬಂದಾಗ ಕಣ್ಣು ಮುಚ್ಚುವುದು, ಇಳಿದ ಮೇಲೆ ತೆರೆಯುವುದು. "ರುಚಿಗೆ ಮೈಮರೆತಿದಾನೆ ಅಂದ್ಕೊಂಡ್ರು ಹೊರಗಿನೋರು. ಆ ಎರಡು ತಿಂಗಳು ಜನ ಜಾಸ್ತಿನೇ ಬಂದ್ರು ನೋಡಿ," ಎಂದು ನಗಲು ಹೋಗಿ ಕೆಮ್ಮುತ್ತಾರೆ.

ಸೋಮವಾರ ಶಸ್ತ್ರಚಿಕಿತ್ಸೆ. ಆಮೇಲೆ ಬಾಯಿಂದ ಊಟವಿಲ್ಲ. ಹೊಟ್ಟೆಗೇ ಇಳಿಬಿಟ್ಟ ನಳಿಗೆಯಲ್ಲಿ ಗಂಜಿನೀರು. ಎಷ್ಟು ದಿನ ಹೀಗೆ ಎಂದು ಡಾಕ್ಟರು ಹೇಳಿಲ್ಲ, ಇವರೂ ಕೇಳಿಲ್ಲ. ವಿಷಯ ತಿಳಿದ ಯಜಮಾನಿ, "ನಿನ್ನ ಹೆಂಡ್ತಿ ಬರ್ತಾಳಾ?" ಎಂದರು. ಇವತ್ತು ಆಕೆ ಉಂಡು ತೋರಿಸಬೇಕು. ಒಪ್ಪಿಗೆಯಾದರೆ ಮನೆಗೆ ಬರುವ ಸಂಬಳ ನಿಲ್ಲದು. ಇಲ್ಲವಾದರೆ ಕುರ್ಚಿ ಬೇರೆಯವರ ಪಾಲು; ಇಸ್ತ್ರಿಯ ಸಂಪಾದನೆಯಲ್ಲಿ ಔಷಧಿಯೂ ಬರದು.

"ಇವರು ಮನೇಲಿ ನಳಿಗೆ ಹಾಕ್ಕೊಂಡು ಮಲಗಿರ್ತಾರೆ. ನಾನು ಊರಿಗೆಲ್ಲ ಕಾಣೋ ಹಾಗೆ ಚಪ್ಪರಿಸಬೇಕು," ಎನ್ನುತ್ತಾರೆ ಆಕೆ, ಇರುವುದರಲ್ಲಿ ಒಳ್ಳೆಯ ಬಟ್ಟೆಗೆ ಇಸ್ತ್ರಿ ಒತ್ತುತ್ತ. "ದೇವರು ಇದನ್ನೂ ನೋಡ್ತಿರ್ತಾನಲ್ಲ, ಅವನಿಗೆ ನೈವೇದ್ಯ ಗಂಟಲಲ್ಲಿ ಇಳಿಯುತ್ತಾ?"

ಮಧ್ಯಾಹ್ನ. ಪಾತ್ರೆಗಳ ಮುಚ್ಚಳ ತೆರೆಯುತ್ತಾರೆ. ಅನ್ನದ ಹಬೆ, ಬೇಳೆಯ ಹಬೆ, ಒಗ್ಗರಣೆಯ ಹಬೆ ಗಾಜಿನ ಮೇಲೆ ಕೂರುತ್ತವೆ. ಕಿಟಕಿ ಮಾವ ತೋಳಿನಿಂದ ಗಾಜು ಒರೆಸಿ, ಹೆಂಡತಿಗೆ ಕುರ್ಚಿ ಎಳೆದುಕೊಟ್ಟು, ಕುಂಟುತ್ತ ಹೊರಗೆ ಹೋಗಿ ಫುಟ್‌ಪಾತಿನಲ್ಲಿ ನಿಲ್ಲುತ್ತಾರೆ. ಉಣ್ಣುವ ಹೊತ್ತಿನಲ್ಲಿ ಆ ಕಿಟಕಿಯನ್ನು ಹೊರಗಿನಿಂದ ಅವರು ನೋಡುತ್ತಿರುವುದು ಇದೇ ಮೊದಲು.

ಆಕೆ ಅನ್ನ ಕಲಸುತ್ತಾರೆ. ತುತ್ತು ಎತ್ತುತ್ತಾರೆ. ಕೈ ಅರ್ಧಕ್ಕೇ ನಿಲ್ಲುತ್ತದೆ. ಗಾಜಿನಾಚೆ ನಿಂತ ಗಂಡನ ಮೇಲೆ ಕಣ್ಣು. ಗಲ್ಲಾದ ಕಡೆ ಚಿಲ್ಲರೆ ಎಣಿಸುವ ಸದ್ದೂ ನಿಲ್ಲುತ್ತದೆ.

ಹೊರಗೆ ಅವರು ಗಾಳಿಯಿಂದಲೇ ಒಂದು ತುತ್ತು ಎತ್ತಿ ಬಾಯಿಗಿಟ್ಟು, ನಿಧಾನವಾಗಿ ಅಗಿದು, ಕಣ್ಣು ಮುಚ್ಚುತ್ತಾರೆ.

ಆಕೆ ಉಣ್ಣುತ್ತಾರೆ. ಬಾಯಿಗೆ ಕೈ ಅಡ್ಡವಿಲ್ಲ. ಎರಡನೆಯ ತುತ್ತು, ಮೂರನೆಯ ತುತ್ತು. ಕಣ್ಣೀರು ಕೆನ್ನೆಗಿಳಿದರೂ ಒರೆಸಿಕೊಳ್ಳದೆ ಉಣ್ಣುತ್ತಾರೆ.

ಫುಟ್‌ಪಾತಿನಲ್ಲಿ ಹೋಗುತ್ತಿದ್ದ ಇಬ್ಬರು ನಿಲ್ಲುತ್ತಾರೆ. "ಏನ್ರೀ, ಇಲ್ಲಿ ಖಾರ ಜಾಸ್ತಿನಾ? ಆ ಯಮ್ಮ ಕಣ್ಣಲ್ಲಿ ನೀರು ಸುರಿಸ್ಕೊಂಡು ಉಣ್ತಿದಾರೆ!"

"ಆದರೂ ಬಿಡ್ತಿಲ್ಲ ನೋಡಿ," ಎನ್ನುತ್ತಾರೆ ಕಿಟಕಿ ಮಾವ. "ಹೋಗಿ, ಬಿಸಿ ಇರುವಾಗ್ಲೇ ಹೋಗಿ."

ಇಬ್ಬರೂ ಒಳಗೆ ಹೋಗುತ್ತಾರೆ. ಅವರ ಹಿಂದೆಯೇ ಒಂದು ಸಂಸಾರ. ಯಜಮಾನಿ ಗಲ್ಲಾದಿಂದಲೇ ಹೊರಗೆ ನೋಡಿ, ಒಮ್ಮೆ ತಲೆಯಾಡಿಸುತ್ತಾರೆ.

ಇನ್ನೇನು ಆಸೆ ಎಂದು ಕಿಟಕಿ ಮಾವನನ್ನು ಕೇಳುತ್ತೇನೆ. ಅವರು ಗಾಜಿನಿಂದ ಕಣ್ಣು ಕೀಳುವುದಿಲ್ಲ.

"ಅವಳು ದಿನಾ ಮನೆಗೆ ಬಂದು, ಏನೇನಿತ್ತು ಅಂತ ಒಂದೊಂದಾಗಿ ಹೇಳಿದ್ರೆ ಸಾಕು. ನನಗೆ ಬೇಜಾರಾಗುತ್ತೆ ಅಂತ, ಚೆನ್ನಾಗಿರ್ಲಿಲ್ಲ ಅಂತ ಮಾತ್ರ ಸುಳ್ಳು ಹೇಳಬಾರದು."