ಕಿವಿ ಮುಟ್ಟಿದ ಕೈ

ಮೊನ್ನೆ ನನ್ನ ಮಗ ಒಂದು ಪುಸ್ತಕ ತಂದು ಕೈಗಿಟ್ಟ. ದೇಶದ ಜೂನಿಯರ್ ಹಾಕಿ ಟೀಮಿನ ಇತಿಹಾಸವಂತೆ. ಯಾವ ವರ್ಷ ಯಾರು ಆಡಿದರು, ಯಾರ ಮೇಲೆ ಗೆದ್ದರು, ಯಾರ ಕೈಲಿ ಸೋತರು, ಎಲ್ಲಾ ಇದೆ. ಕನ್ನಡಕ ಒರೆಸಿಕೊಂಡು ಎಂಬತ್ತರ ದಶಕದ ಪುಟಗಳನ್ನಷ್ಟೇ ತಿರುವಿದೆ. ಬೇಕಾದ ಫೋಟೋ ಸಿಕ್ಕಿತು. ಮುಂದಿನ ಸಾಲಿನಲ್ಲಿ ಕಾಲಿಗೆ ಪ್ಯಾಡ್ ಕಟ್ಟಿಕೊಂಡು ಕೂತಿರೋ ಗೋಲ್‌ಕೀಪರ್ ಯಾರೋ ಏನೋ, ಒಳ್ಳೆ ಹುಡುಗನೇ ಇರಬೇಕು. ಅವನ ಮೇಲೆ ನನಗೇನು ಸಿಟ್ಟು? ಆದರೂ ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳಲಿ. ಅಲ್ಲಿ ಕೂರಬೇಕಾಗಿದ್ದವನು ನನ್ನ ತಮ್ಮ. ಕೂರದ ಹಾಗೆ ಮಾಡಿದವಳು ನಾನು. ಇತಿಹಾಸ ಬರೆಯೋರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಅದಕ್ಕೆ ನಾನೇ ಬರೀತಿದೀನಿ.

ನಮ್ಮದು ಹತ್ತಿ ಹಿಂಜುವವರ ಮನೆ. ಮುಸ್ಲಿಮರಾದರೂ ಮನೆಯೊಳಗೂ ಕನ್ನಡವೇ. ಗುಬ್ಬಿಯಲ್ಲಿ ಬಸ್ ಸ್ಟಾಂಡಿನ ಹಿಂದೆ ಅಪ್ಪನ ಹಾಸಿಗೆ ಅಂಗಡಿ, ಅಂಗಡಿ ಹಿಂದುಗಡೆ ಒಂದೂವರೆ ರೂಮಿನ ಮನೆ. ಬೆಳಗಾದರೆ ಅಪ್ಪನ ಹಿಂಜುವ ಬಿಲ್ಲಿನ ಟೊಂಯ್ ಟೊಂಯ್ ಶಬ್ದ, ಮನೆ ತುಂಬಾ ಹತ್ತಿಯ ದೂಳು. ತಮ್ಮನಿಗೆ ಎರಡು ವರ್ಷ ಇದ್ದಾಗ ಅವ್ವ ತೀರಿಕೊಂಡಳು. ನಾನಾಗ ಎರಡನೇ ಕ್ಲಾಸು. ಮಗು ನೋಡಿಕೊಳ್ಳೋರು ಯಾರು? ನನ್ನ ಸ್ಲೇಟು ಅಟ್ಟ ಸೇರಿತು, ತಮ್ಮ ನನ್ನ ಸೊಂಟ ಸೇರಿದ.

ಅವನನ್ನು ಉಣ್ಣಿಸಿದ್ದು, ತೊಳೆದಿದ್ದು, ಬೆನ್ನು ತಟ್ಟಿ ಮಲಗಿಸಿದ್ದು ಎಲ್ಲಾ ನಾನೇ. ಅದರಲ್ಲಿ ನನಗೆ ಬೇಜಾರಿರಲಿಲ್ಲ. ಬೇಜಾರು ಇದ್ದಿದ್ದು ಸ್ಕೂಲಿನ ಗಂಟೆ ಕೇಳಿದಾಗ. ನನ್ನ ಜೊತೆಯವರು ಬ್ಯಾಗು ನೇತುಹಾಕಿಕೊಂಡು ಅಂಗಡಿ ಮುಂದೆಯೇ ಹೋಗೋರು. ಒಬ್ಬಳಂತೂ ಬೇಕೂ ಅಂತಲೇ ನಿಂತು, ‘ಏನೇ, ಇವತ್ತೂ ಬರಲ್ವೇನೇ?’ ಅನ್ನೋಳು. ಒಳಗೆ ಹೋಗಿ ಹತ್ತಿ ರಾಶಿಯಲ್ಲಿ ಮುಖ ಇಟ್ಟುಕೊಂಡು ಅಳ್ತಿದ್ದೆ.

ಎರಡು ವರ್ಷ ಹೀಗೇ ಕಳೀತು. ಒಂದು ದಿನ ಸ್ಕೂಲಿನ ಹೆಡ್‌ಮಾಸ್ಟರು ದಿಂಬು ಹೊಲಿಸೋಕೆ ಬಂದರು. ‘ಏನಪ್ಪಾ, ಚುರುಕಾಗಿರೋ ಹುಡುಗೀನ ಮನೇಲಿ ಕೂರಿಸಿಕೊಂಡಿದೀಯಲ್ಲ’ ಅಂದರು. ಅಪ್ಪ ತಮ್ಮನನ್ನು ತೋರಿಸಿದ. ‘ಇವನ್ನೂ ಕರ್ಕೊಂಡ್ ಬಾ. ಕೈ ಕಿವಿಗೆ ಎಟುಕಿದ್ರೆ ಇವನ ಹೆಸರೂ ಬರೆದುಬಿಡೋಣ’ ಅಂದರು ಅವರು. ಆಗೆಲ್ಲ ಅದೇ ಅಳತೆ. ಬಲಗೈ ತಲೆ ಮೇಲಿಂದ ಹೋಗಿ ಎಡಗಿವಿ ಮುಟ್ಟಿದರೆ ಆರು ವರ್ಷ ಆಯಿತು ಅಂತ ಲೆಕ್ಕ.

ತಮ್ಮನಿಗೆ ಆಗ ನಾಲ್ಕು ತುಂಬಿ ಮೂರು ತಿಂಗಳೋ ನಾಲ್ಕು ತಿಂಗಳೋ. ಅವನ ಕೈ ವಯಸ್ಸಿಗಿಂತ ಉದ್ದ, ಆದರೂ ಎರಡು ಬೆರಳು ಸಾಲದು. ನಾನು ಬಿಡ್ತೀನಾ? ಹಿತ್ತಲಲ್ಲಿ ಕೂರಿಸಿಕೊಂಡು ಮೊಣಕೈಗೆ, ಭುಜಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿ ತಿಕ್ಕಿ ಎಳೆದೆ. ಒಂದು ವಾರ ಎಳೆದೆ. ‘ನೋಯ್ತದೆ ಅಕ್ಕಾ’ ಅಂತ ಅಳೋನು. ‘ಇನ್ನೊಂದ್ ಚೂರು ಕಣೋ, ನನ್ ಬಂಗಾರ ಕಣೋ’ ಅಂತ ಬೆಲ್ಲದ ಚೂರು ಬಾಯಿಗೆ ತುರುಕೋದು, ಮತ್ತೆ ಎಳೆಯೋದು. ಕೊನೆಗೆ ಒಂದು ಉಪಾಯ ಹೇಳಿಕೊಟ್ಟೆ. ತಲೇನ ಯಾರಿಗೂ ಗೊತ್ತಾಗದ ಹಾಗೆ ಒಂದಿಷ್ಟೇ ಬಲಕ್ಕೆ ವಾಲಿಸಿದರೆ ಬೆರಳು ಮುಟ್ಟುತ್ತಿತ್ತು.

ಸ್ಕೂಲಿನಲ್ಲಿ ಹಾಗೇ ಮಾಡಿದ, ಮುಟ್ಟಿತು. ಹೆಡ್‌ಮಾಸ್ಟರು ರಿಜಿಸ್ಟರು ಬಿಚ್ಚಿ, ‘ಎಷ್ಟಪ್ಪಾ ವಯಸ್ಸು?’ ಅಂದರು. ಅಪ್ಪನಿಗೆ ತಾರೀಖು ಗೊತ್ತಿಲ್ಲ. ಅದೆಲ್ಲ ಅವ್ವನ ತಲೆಯಲ್ಲಿತ್ತು, ಅವಳ ಜೊತೆಗೇ ಹೋಯಿತು. ಆದರೆ ಆರು ಆಗಿಲ್ಲ ಅನ್ನೋದಂತೂ ಗೊತ್ತಿತ್ತು. ಅವನು ಬಾಯಿ ತೆರೆಯೋದರೊಳಗೆ ನಾನು ಅಂದುಬಿಟ್ಟೆ, ‘ಆರು ಆಯ್ತು ಸಾ.’ ಅಪ್ಪ ನನ್ನ ಮುಖ ನೋಡಿದ. ನನ್ನ ಕಣ್ಣಲ್ಲಿ ಏನಿತ್ತೋ, ಸುಮ್ಮನಾಗಿಬಿಟ್ಟ. ಹೆಡ್‌ಮಾಸ್ಟರು ತಲೆಗೆ ತೋಚಿದ ಒಂದು ತಾರೀಖು ಬರೆದರು. ನಾನು ಸಂತೋಷದಲ್ಲಿ ಮನೆವರೆಗೂ ತಮ್ಮನನ್ನು ಹೊತ್ತುಕೊಂಡು ಓಡಿದೆ.

ಅಪ್ಪ ಆಮೇಲೆ ಅಂಗಡಿಯನ್ನು ತುಮಕೂರಿಗೆ ತಂದ. ತಮ್ಮ ಅಲ್ಲಿ ಹೈಸ್ಕೂಲು ಸೇರಿದ. ಕ್ಲಾಸಿನವರೆಲ್ಲ ಅವನಿಗಿಂತ ದೊಡ್ಡವರು, ದಪ್ಪಗಿರೋರು. ಹಾಕಿ ಆಡೋಕೆ ಹೋದರೆ, ‘ಓಡಕ್ಕಾಗಲ್ಲ ನಿನ್ ಕೈಲಿ, ಹೋಗ್ಲಾ, ಗೋಲಲ್ಲಿ ನಿಂತ್ಕೊ’ ಅಂತ ತಳ್ಳಿದರು. ಹಂಗೆ ನಿಂತವನು ಅಲ್ಲಿಂದ ಕದಲಲೇ ಇಲ್ಲ. ಕೆಮ್ಮಣ್ಣಿನ ಗ್ರೌಂಡು, ಸಣ್ಣ ಕಲ್ಲು ಬೇರೆ. ಬಾಲು ಎತ್ತೆತ್ತಲೋ ನೆಗೆಯೋದು, ಇವನ ಉದ್ದನೆ ಕೈ ಅಲ್ಲಿಗೇ ಹೋಗೋದು. ಮೊಣಕಾಲೆಲ್ಲ ಗಾಯ ಮಾಡಿಕೊಂಡು ಬರೋನು.

ಪ್ಯಾಡ್ ಕೊಳ್ಳೋ ಶಕ್ತಿ ನಮಗೆಲ್ಲಿತ್ತು? ಅಪ್ಪನೇ ಹೊಲಿದ. ಬರೀ ಹತ್ತಿ ಹಾಕಿದರೆ ಚಪ್ಪಟೆಯಾಗುತ್ತೆ ಅಂತ ಗುಬ್ಬಿಯಿಂದ ತೆಂಗಿನ ನಾರು ತರಿಸಿ, ಮಧ್ಯೆ ಬಿದಿರಿನ ದಬ್ಬೆ ಇಟ್ಟು, ಮೇಲೆ ಹತ್ತಿಯ ಪದರ ಕೊಟ್ಟು, ಹಾಸಿಗೆಗೆ ಹಾಕೋ ನೀಲಿ ಪಟ್ಟೆ ಬಟ್ಟೆಯಲ್ಲೇ ಹೊಲಿದ. ಎದುರು ಟೀಮಿನವರಿಗೆ ನಗುವೋ ನಗು. ‘ಲೇ, ಹಾಸಿಗೆ ಬಂತು ಕಣ್ರೋ, ಮಲಗಿಸಿ!’ ಅನ್ನೋರು. ಆಟ ಮುಗಿದಾಗ ಅವರೇ ಬಂದು ಆ ಹಾಸಿಗೆ ಮುಟ್ಟಿ ನೋಡೋರು. ಅಪ್ಪ ಅಂಗಡಿ ಬಾಗಿಲು ಅರ್ಧ ಎಳೆದು ಮ್ಯಾಚಿಗೆ ಬರ್ತಿದ್ದ. ಹಾಕಿಯ ಗಂಧಗಾಳಿ ಗೊತ್ತಿಲ್ಲ. ಪ್ಯಾಡಿನ ಹೊಲಿಗೆ ಬಿಟ್ಟಿದೆಯಾ ಅಂತ ಮಾತ್ರ ನೋಡ್ತಿದ್ದ.

ಕಾಲೇಜಿಗೆ ಬಂದ ಮೇಲೆ ಕುಣಿಗಲ್ಲಿನಲ್ಲಿ ಒಂದು ಟೂರ್ನಮೆಂಟು ನಡೀತು. ಕುಣಿಗಲ್ಲು ಅವ್ವನ ತವರು. ತಮ್ಮ ಹುಟ್ಟಿದ್ದೂ ಅಲ್ಲೇ, ಕೆರೆ ಏರಿ ಪಕ್ಕದ ಮನೆಯಲ್ಲಿ. ಫೈನಲ್ಲಿನಲ್ಲಿ ಎದುರು ಟೀಮಿಗೆ ಪೆನಾಲ್ಟಿ ಸಿಕ್ಕಿತು. ಹೊಡೆಯೋನು ಒಬ್ಬ, ತಡೆಯೋನು ಒಬ್ಬ. ತಮ್ಮ ಗೋಲಿನಲ್ಲಿ ಬಗ್ಗಿ ನಿಂತ, ತಲೆಯನ್ನು ಒಂದಿಷ್ಟೇ ಬಲಕ್ಕೆ ವಾಲಿಸಿದ. ಅದು ನಾನು ಹಿತ್ತಲಲ್ಲಿ ಕಲಿಸಿದ ವಾಲು. ಬಾಲು ಮೇಲಿನ ಮೂಲೆಗೆ ಬಂತು, ಇವನ ಕೈ ಹಾವಿನ ಹಾಗೆ ಹೋಗಿ ತಡೀತು. ಜನ ಕೂಗಿದ್ದೇ ಕೂಗಿದ್ದು. ಅವತ್ತು ನೋಡೋಕೆ ಬಂದಿದ್ದವರೊಬ್ಬರು ರಾಜ್ಯದ ಜೂನಿಯರ್ ಟೀಮಿಗೆ ಅವನ ಹೆಸರು ಹೇಳಿದರು. ಆ ಟೀಮಿಗೆ ಕಾಲೇಜಿನ ಪತ್ರವೇ ಸಾಕಾಯಿತು. ಒಂದು ವರ್ಷ ಚೆನ್ನಾಗಿ ಆಡಿದ. ಆಮೇಲೆ ದೇಶದ ಜೂನಿಯರ್ ಟೀಮಿನ ಕ್ಯಾಂಪಿಗೆ ಬರಬೇಕು ಅಂತ ಕಾಗದ ಬಂತು. ಹೊರದೇಶಕ್ಕೆ ಹೋಗೋ ಟೀಮು. ಅಪ್ಪ ಆ ಕಾಗದವನ್ನು ಓದೋಕೆ ಬರದಿದ್ದರೂ ಗಿರಾಕಿಗಳಿಗೆಲ್ಲ ತೋರಿಸಿದ.

ಕಾಗದದ ಕೆಳಗೆ ಒಂದು ಸಾಲಿತ್ತು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ತರಬೇಕು. ತೆಗೆದು ನೋಡಿದರೆ ಆ ಹೆಡ್‌ಮಾಸ್ಟರು ಬರೆದ ತಾರೀಖೇ ಅದರಲ್ಲೂ ಕೂತಿದೆ. ಅದರ ಪ್ರಕಾರ ಜೂನಿಯರ್ ವಯಸ್ಸು ದಾಟಿ ಮೂರು ತಿಂಗಳಾಗಿತ್ತು. ನಿಜವಾದ ವಯಸ್ಸು ಹಿಡಿದರೆ ಇನ್ನೂ ಒಂದೂವರೆ ವರ್ಷ ಆಡಬಹುದಿತ್ತು. ಮೂರು ತಿಂಗಳು! ನನ್ನ ಬಾಯಿಗೆ ಬೆಂಕಿ ಬೀಳ.

ಕುಣಿಗಲ್ಲಿನ ಆಫೀಸಿನಲ್ಲಿ ಹುಟ್ಟಿದ್ದು ಬರೆಸಿರಬಹುದು ಅಂತ ಮೂವರೂ ಬಸ್ಸು ಹತ್ತಿದೆವು. ಗುಮಾಸ್ತರು ಒಳ್ಳೆಯವರು, ದೂಳು ಕೊಡವಿ ಕೊಡವಿ ಹುಡುಕಿದರು. ಸಿಕ್ಕಿತು. ಅಪ್ಪನ ಹೆಸರು, ಅವ್ವನ ಹೆಸರು, ಸರಿಯಾದ ತಾರೀಖು. ಮಗುವಿನ ಹೆಸರಿರೋ ಜಾಗದಲ್ಲಿ ಮಾತ್ರ ‘ಗಂಡು’ ಅಂತಷ್ಟೇ. ಹುಟ್ಟಿದ ಎರಡನೇ ದಿನಕ್ಕೆ ತಾತ ಹೋಗಿ ಬರೆಸಿದ್ದ. ಆಗಿನ್ನೂ ಹೆಸರೇ ಇಟ್ಟಿರಲಿಲ್ಲ.

‘ಹೆಸರಿಲ್ದೆ ಇದನ್ನ ಯಾರೂ ಒಪ್ಪಲ್ಲಮ್ಮ. ಕೋರ್ಟಿಗೆ ಹೋಗ್ಬೇಕು, ತಿಂಗಳುಗಟ್ಟಲೆ ಆಗುತ್ತೆ’ ಅಂದರು ಗುಮಾಸ್ತರು. ಕ್ಯಾಂಪಿಗೆ ಇದ್ದಿದ್ದು ಒಂಬತ್ತು ದಿನ. ಅವರು ಮಾರ್ಕ್ಸ್ ಕಾರ್ಡು ನೋಡಿ ತಲೆ ಕೆರೆದುಕೊಂಡರು. ‘ಅಲ್ರೀ, ಊರಿನೋರೆಲ್ಲ ಮಕ್ಕಳ ವಯಸ್ಸು ಕಮ್ಮಿ ಬರೆಸ್ತಾರೆ. ಜಾಸ್ತಿ ಬರೆಸಿದ ಪುಣ್ಯಾತ್ಮರು ಯಾರ್ರೀ?’

ಹೇಳಬೇಕಿತ್ತು. ತಮ್ಮ ಪಕ್ಕದಲ್ಲೇ ನಿಂತಿದ್ದ. ನಾನು ತುಟಿ ಪಿಟಕ್ ಅನ್ನಲಿಲ್ಲ.

‘ನಾನೇ ಸ್ವಾಮಿ’ ಅಂದ ಅಪ್ಪ.

ಹೊರಗೆ ಬಂದು, ತಮ್ಮ ನಲ್ಲಿ ಕಡೆಗೆ ಹೋದಾಗ ಅಪ್ಪ ನನ್ನ ಹತ್ತಿರ ಬಂದ. ‘ನೀನು ಬಾಯಿ ಬಿಡಬೇಡ. ನಾನು ಇವತ್ತಿದ್ದು ನಾಳೆ ಹೋಗೋನು. ಅವನಿಗೆ ನೀನು, ನಿನಗೆ ಅವನು’ ಅಂದ. ನಾನು ಹೂಂ ಅಂದೆ. ನನಗೂ ಅದೇ ಬೇಕಾಗಿತ್ತು, ಹೇಡಿ ನಾನು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ತಮ್ಮ ತುಮಕೂರಿನವರೆಗೂ ಬಾಗಿಲ ಹತ್ತಿರ ನಿಂತೇ ಬಂದ.

ಅವತ್ತಿನಿಂದ ಅವನು ಅಪ್ಪನ ಜೊತೆ ಮಾತು ಬಿಟ್ಟ. ಒಂದೇ ಮನೆ, ಒಂದೇ ಒಲೆ. ‘ಅವರಿಗೆ ಊಟಕ್ಕೆ ಬರೋಕೆ ಹೇಳು’ ಅಂತ ನನಗೆ ಹೇಳೋನು. ಅಪ್ಪ ಎರಡು ಮಾರು ದೂರದಲ್ಲಿ ಕೂತಿರ್ತಿದ್ದ. ಟೀಮು ಅವನಿಲ್ಲದೆ ಹೋಯಿತು, ಸೋತು ಬಂತು. ರೇಡಿಯೋದಲ್ಲಿ ಆ ಸುದ್ದಿ ಬಂದಾಗ ತಮ್ಮ ಎದ್ದು ಆಫ್ ಮಾಡಿ, ಪ್ಯಾಡುಗಳನ್ನು ಒಯ್ದು ಅಂಗಡಿ ಅಟ್ಟದ ಮೇಲೆ ಎಸೆದ. ಆಮೇಲೆ ಸ್ಟಿಕ್ಕು ಮುಟ್ಟಲಿಲ್ಲ. ಒಂದು ಲಾರಿ ಗ್ಯಾರೇಜಿಗೆ ಸೇರಿಕೊಂಡ. ಅಪ್ಪ ದಿನಾ ನನ್ನನ್ನು ಕೇಳೋನು, ‘ಉಂಡನಾ?’ ಅಂತ. ಹೇಳಿಬಿಡೋಣ ಅಂತ ಎಷ್ಟು ಸಲ ಬಾಯಿವರೆಗೂ ಬಂತೋ. ಅಪ್ಪನಿಗೆ ಮಾತು ಕೊಟ್ಟಿದೀನಿ ಅಂತ ನನಗೆ ನಾನೇ ಹೇಳಿಕೊಂಡು ನುಂಗಿದೆ. ನಾಲ್ಕು ವರ್ಷ ನುಂಗಿದೆ.

ಹತ್ತಿ ದೂಳು ಅಪ್ಪನ ಎದೆ ತಿಂದಿತ್ತು. ಕೆಮ್ಮಿ ಕೆಮ್ಮಿ ಒಂದು ಬೆಳಿಗ್ಗೆ ಹೋಗಿಬಿಟ್ಟ. ತಮ್ಮ ಹೆಗಲು ಕೊಟ್ಟ, ಮಣ್ಣು ಹಾಕಿದ, ಒಂದು ಹನಿ ಕಣ್ಣೀರಿಲ್ಲ.

ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಇಬ್ಬರೂ ಅಂಗಡಿ ಖಾಲಿ ಮಾಡ್ತಿದ್ದೆವು. ತಮ್ಮ ಅಟ್ಟ ಹತ್ತಿ ಒಂದು ಗಂಟು ಇಳಿಸಿದ. ಹಳೆ ಸೀರೆಯಲ್ಲಿ ಸುತ್ತಿಟ್ಟ ಪ್ಯಾಡುಗಳು. ಸೀರೆ ಅವ್ವನದು. ನೀಲಿ ಪಟ್ಟೆಯ ಬಟ್ಟೆ ಹೊಸದು, ಇನ್ನೂ ಗಂಜಿ ಹೋಗಿಲ್ಲ. ತಮ್ಮ ಹೆಬ್ಬೆಟ್ಟಿನಲ್ಲಿ ಒತ್ತಿ ನೋಡಿದ. ಹತ್ತಿಯವರ ಮಕ್ಕಳು ನಾವು, ವರ್ಷಗಟ್ಟಲೆ ಬಿದ್ದಿದ್ದ ಹತ್ತಿ ಗಂಟುಗಟ್ಟುತ್ತೆ ಅಂತ ಗೊತ್ತು. ಇದು ಬೆಣ್ಣೆಯ ಹಾಗಿತ್ತು.

‘ಇದನ್ನ ಈ ವರ್ಷ ಬಿಚ್ಚಿ ಹಿಂಜಿದಾರೆ’ ಅಂದ.

ನನಗೆ ಇನ್ನು ತಡೆಯೋಕಾಗಲಿಲ್ಲ. ‘ಆರು ಆಯ್ತು ಅಂದಿದ್ದು ಅಪ್ಪ ಅಲ್ಲ ಕಣೋ, ನಾನು. ಸ್ಕೂಲಿಗೆ ಹೋಗೋ ಆಸೆಗೆ ನಾನು ಹೇಳಿದೆ’ ಅಂದೆ. ಹೊಡೀತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

‘ಗೊತ್ತು’ ಅಂದ.

‘ಏನ್ ಗೊತ್ತೋ?’

‘ಎಲ್ಲಾ ಗೊತ್ತು. ಎಣ್ಣೆ ಹಚ್ಚಿ ಎಳೆದಿದ್ದು, ಬೆಲ್ಲ ತಿನ್ನಿಸಿದ್ದು, ಮೇಷ್ಟ್ರಿಗೆ ನೀನು ಹೇಳಿದ್ದು, ಎಲ್ಲಾ ನೆನಪಿದೆ.’

‘ಅಯ್ಯೋ, ಮತ್ತೆ ಅಪ್ಪನ ಜೊತೆ ಯಾಕೋ ಮಾತು ಬಿಟ್ಟೆ?’

ಅವನು ಪ್ಯಾಡಿನ ಹೊಲಿಗೆ ಮೇಲೆ ಬೆರಳಾಡಿಸುತ್ತಾ ಇದ್ದ. ‘ನಿನ್ನ ಜೊತೆ ಬಿಟ್ಟಿದ್ರೆ ನನಗೆ ಇನ್ಯಾರಿದ್ರು ಅಕ್ಕಾ?’ ಅಂದ.

ಅವನು ಪ್ಯಾಡಿಗೆ ಮುಖ ಒತ್ತಿಕೊಂಡು, ‘ಅಪ್ಪಾ’ ಅಂತ ಕರೆದ. ನಾಲ್ಕು ವರ್ಷದಲ್ಲಿ ಅವನ ಬಾಯಿಂದ ಆ ಮಾತು ಬಂದಿದ್ದು ಅದೇ ಮೊದಲು. ಕೇಳಿಸಿಕೊಳ್ಳೋಕೆ ನಾನೊಬ್ಬಳೇ ಇದ್ದೆ.