ಗಟ್ಟಿಯಾಗದ ಬೈನೆ ಬೆಲ್ಲ

ಮಗಳಿಗೆ ಮಗಳು ಹುಟ್ಟಿದ್ದಾಳೆ. ನಮ್ಮೂರು ಜಾವಳಿಯಲ್ಲಿ ಈ ಸುದ್ದಿ ತಿಳಿಯದವರು ಯಾರಾದರೂ ಉಳಿದಿದ್ದರೆ ಅದು ನನ್ನ ತಪ್ಪಲ್ಲ. ಎದುರು ಸಿಕ್ಕವರಿಗೆಲ್ಲ ಹೇಳಿದ್ದೇನೆ. (ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಎರಡು ಸಲ ಹೇಳಿದೆನಂತೆ.) ಮೂಗು ನನ್ನದೇ. ಯಾರು ಬೇಕಾದರೂ ಬಂದು ನೋಡಬಹುದು.

ಇಷ್ಟೊಂದು ಸಂತೋಷದ ನಡುವೆ ಒಂದು ಬೇಜಾರು ಮಾತ್ರ ಹೋಗುತ್ತಿಲ್ಲ.

ನಮ್ಮ ಮನೆಯಲ್ಲಿ ನಾಮಕರಣದ ದಿನ ಮಗುವಿನ ನಾಲಿಗೆಗೆ ಮುಟ್ಟಿಸುವುದು ನಮ್ಮದೇ ಬೈನೆ ಮರದ ಬೆಲ್ಲ. ತಾಳೆ ಜಾತಿಯ ಈ ಮರದ ಹೂಗೊಂಚಲಿನ ತುದಿ ಕೊಯ್ದರೆ ತೊಟ್ಟಿಕ್ಕುವ ರಸವನ್ನು ಕಾಸಿ ಮಾಡುವ ಬೆಲ್ಲ. ಯುದ್ಧ ಬಂದು ಸಕ್ಕರೆ ರೇಷನ್ ಆದರೆ ನಮಗೇನು, ಹಿತ್ತಲಲ್ಲಿ ಮರವಿದೆ ಎಂದು ಮೆರೆಯುತ್ತಿದ್ದೆ.

ಆದರೆ ಬೈನೆ ವಿಚಿತ್ರ ಮರ. ವರ್ಷಗಟ್ಟಲೆ ಸುಮ್ಮನೆ ಬೆಳೆಯುತ್ತದೆ. ಆಮೇಲೆ ಮೇಲಿನಿಂದ ಕೆಳಕ್ಕೆ ಒಂದೊಂದೇ ಗೊಂಚಲು ಬಿಟ್ಟು, ಕೊನೆಯದು ಮುಗಿದ ಮೇಲೆ ಸತ್ತುಹೋಗುತ್ತದೆ. ನಮ್ಮದು ಕೊನೆಯ ಗೊಂಚಲಿಗೆ ಬಂದಿತ್ತು. ಹಿಂದಿನ ಬೆಲ್ಲವೆಲ್ಲ ಬಾಣಂತಿಯ ಲೇಹ್ಯಕ್ಕೆ ಖಾಲಿ. ಇನ್ನೊಂದು ಮಡಕೆ ರಸ ಸಿಕ್ಕರೆ ಹೆಚ್ಚು ಎಂದು ಮರ ಹತ್ತುವ ತನಿಯ ಹೇಳಿದ್ದ.

ನಾಮಕರಣದ ಹಿಂದಿನ ದಿನ ಚಿಕ್ಕಮಗಳೂರಿನಿಂದ ಅಳಿಯನೂ ಅವನ ತಾಯಿಯೂ ಬಂದರು. ಹೆರಿಗೆಯ ಸೂತಕ ಕಳೆಯುವ ಹೊತ್ತು, ಮನೆಯ ಪಾತ್ರೆಯೆಲ್ಲ ತೊಳೆಯಬೇಕು. ಬೀಗಿತ್ತಿ ಸೆರಗು ಸಿಕ್ಕಿಸಿ ಕೂತೇಬಿಟ್ಟರು. ಒಳಗೆಲ್ಲ ಬಿಳಿ ಹಕ್ಕಳೆ ಕಟ್ಟಿದ್ದ ಮಡಕೆಯೊಂದು ಕಣ್ಣಿಗೆ ಬಿತ್ತು. ಬೂದಿ ಹಾಕಿ ಉಜ್ಜಿ ಉಜ್ಜಿ ಫಸ್ಟ್ ಕ್ಲಾಸ್ ಮಾಡಿಟ್ಟರು. ಸಂಜೆಯ ಮಬ್ಬಿನಲ್ಲಿ ತನಿಯ ಒಳಗೆ ನೋಡದೆ ಅದನ್ನೇ ಒಯ್ದು ಗೊಂಚಲಿಗೆ ಕಟ್ಟಿದ.

ಬೆಳಿಗ್ಗೆ ತನಿಯ ಇಳಿಸಿದಾಗ ಮಡಕೆ ತುಂಬ ನೊರೆ.

"ಗೌಡ್ರೇ, ಮಡಕೆಗೆ ಬಳ್ದಿದ್ದ ಸುಣ್ಣ ತೊಳ್ದಿದ್ದು ಯಾರು? ಇದು ಹೆಂಡ ಆಯ್ತಲ್ಲ ಮಾರಾಯ್ರೇ. ಕಾಸಿದ್ರೂ ಬೆಲ್ಲ ಆಗಲ್ಲ."

ಆದರೂ ಕಾಸಿದೆವು. ಚೆಲ್ಲಲು ಮನಸ್ಸು ಬರಬೇಕಲ್ಲ? ಕರ್ರಗೆ ಅಂಟಂಟು ಪಾಕವಾಯಿತು, ಹುಳಿ ವಾಸನೆ ಬೇರೆ. ಕರಟಕ್ಕೆ ಸುರಿದು ಕಾದರೂ ಗಟ್ಟಿಯಾಗಲೇ ಇಲ್ಲ.

ಅಳಿಯ ಮೈಸೂರಿನಲ್ಲಿ ಸೈನ್ಸ್ ಓದಿದವನು. ಸ್ಲೇಟು ದಾಟಿ ಮುಂದೆ ಹೋಗದ ನನಗೂ ತಿಳಿಯುವ ಹಾಗೆ ಹೇಳಿದ. ಮರ ತನ್ನ ಕಾಂಡದಲ್ಲಿ ಹಿಟ್ಟು ಕೂಡಿಟ್ಟು, ಹೂ ಬಿಡುವಾಗ ಅದನ್ನು ಸಕ್ಕರೆ ಮಾಡಿ ಗೊಂಚಲಿಗೆ ಕಳಿಸುತ್ತದಂತೆ. ಅದು ಜೋಡಿ ಸಕ್ಕರೆ. ಒಂದು ದ್ರಾಕ್ಷಿ ಸಕ್ಕರೆ, ಇನ್ನೊಂದು ಹಣ್ಣಿನ ಸಕ್ಕರೆ, ಎರಡೂ ಕೈಹಿಡಿದುಕೊಂಡಿರುತ್ತವೆ. ರಸ ಹುಳಿಯಾದರೆ ಕೈ ಬಿಡುತ್ತವೆ. ಬಿಟ್ಟ ಮೇಲೆ ಸಿಹಿ ಇದ್ದರೂ ಹರಳುಗಟ್ಟುವುದಿಲ್ಲ. ಹುಳಿ ತಡೆಯುವುದಕ್ಕೇ ಸುಣ್ಣ.

ಮತ್ತೆ ಜೋಡಿಸಲಾಗದೇ ಎಂದು ಕೇಳಿದೆ.

"ನಮ್ ಕೈಲಿ ಆಗಲ್ಲ ಮಾವ. ಅದು ಮರಕ್ಕೆ ಮಾತ್ರ ಗೊತ್ತು."

ಬೀಗಿತ್ತಿ ಬಾಗಿಲ ಮರೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. "ಒಂದು ಮಾತು ಹೇಳ್ಬಾರ್ದಿತ್ತಾ ಅಣ್ಣ? ಮಗು ಇರೋ ಮನೆ ಅಂತ ತೊಳೆದೆ."

ಮಡಕೆಗೆ ಸುಣ್ಣ ಯಾಕೆ ಎಂದು ನನಗೇ ಯಾರೂ ಹೇಳಿರಲಿಲ್ಲ. ನಮ್ಮ ಮನೆಗಳಲ್ಲಿ ಎಲ್ಲರಿಗೂ ಎಲ್ಲ ಗೊತ್ತಿರುತ್ತದೆ ಎಂದುಕೊಂಡಿರುತ್ತೇವೆ. ಹೊಸಬರು ಬಂದು ಎಡವಿದಾಗ ಮುಖ ಊದಿಸುತ್ತೇವೆ.

ಕೊನೆಗೆ ರೇಷನ್ ಸಕ್ಕರೆಯನ್ನೇ ನೀರಲ್ಲಿ ಕದಡಿ ಬೀಗಿತ್ತಿಯ ಕೈಯಿಂದಲೇ ಮುಟ್ಟಿಸಿದೆವು. ಮಗು ಚಪ್ಪರಿಸಿತು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಈಗ ಗೊಂಚಲು ಒಣಗಿದೆ, ಮರದ ಸೋಗೆಗಳು ಜೋತುಬಿದ್ದಿವೆ. ಮೊಮ್ಮಗಳು ಮಾತು ತಿಳಿಯುವಷ್ಟು ದೊಡ್ಡವಳಾದ ಮೇಲೆ ಇದನ್ನೆಲ್ಲ ಬಿಡಿಸಿ ಹೇಳಬೇಕೆಂದಿದ್ದೇನೆ. ಆದರೆ ಯಾವ ಮರವನ್ನು ತೋರಿಸಿ ಹೇಳಲಿ?